ತಾತ, ಮೊಮ್ಮಗ ಮತ್ತು ನೂರೈದು ವರ್ಷ

ರಾಣಿ ಚೆನ್ನಮ್ಮನ ಸಮಾಧಿಯಿರುವ ಬೈಲಹೊಂಗಲದ ವಿದ್ಯಾರ್ಥಿನಿಯೊಬ್ಬಳು ಸ್ನಾತಕೋತ್ತರ ಪದವಿಯ ಪ್ರಬಂಧಕ್ಕೆ ಸವದತ್ತಿಯ ರಟ್ಟರನ್ನು ವಿಷಯವಾಗಿ ಆರಿಸಿಕೊಂಡಳು. ಶಾಸನಗಳಲ್ಲಿ ಸುಗಂಧವರ್ತಿಯೆನಿಸಿದ ಆ ಊರು ರಟ್ಟರ ಮೊದಲ ರಾಜಧಾನಿ. ಮುಂದೆ ಅವರು ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ನೆಲೆ ಬದಲಿಸಿದರು. ಜಿನಾಲಯಗಳಿಗೆ ಅವರು ಬಿಟ್ಟ ದತ್ತಿಗಳ ಶಾಸನಗಳನ್ನು ಫ್ಲೀಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪ್ರಕಟಿಸಿದ್ದರು.

ಹದಿನೈದು ಪುಟಗಳು ಮೂರೇ ದಿನಗಳಲ್ಲಿ ಸಿದ್ಧವಾದವು. ಗುರುಗಳು ಓದಿ ಎರಡು ಕಾಲಸೂಚನೆಗಳ ಕೆಳಗೆ ಗೆರೆ ಎಳೆದರು: ಪೃಥ್ವೀರಾಮನದು ಶಕ 797, ಎಂದರೆ ಕ್ರಿ.ಶ. 875; ಅವನ ಮೊಮ್ಮಗ ಶಾಂತಿವರ್ಮನದು ಶಕ 902, ಎಂದರೆ ಕ್ರಿ.ಶ. 980. "ತಾತನಿಗೂ ಮೊಮ್ಮಗನಿಗೂ ನಡುವೆ ನೂರೈದು ವರ್ಷ. ಸಂಶಯ ಬರಲಿಲ್ಲವೇ?" ಎಂದು ಕೇಳಿದರು.

ಬಂದಿರಲಿಲ್ಲ. ಆ ಪುಟವನ್ನು ಅವಳು ಬರೆದಿರಲಿಲ್ಲ. ಹಳೆಯ ಪುಸ್ತಕವೊಂದರಿಂದ ಹೆಸರು ಹೇಳದೆ ಇಳಿಸಿಕೊಂಡಿದ್ದಳು. ತಾನು ಯೋಚಿಸದ ವಾಕ್ಯದಲ್ಲಿ ಸಂಶಯ ಹುಟ್ಟುವುದಾದರೂ ಹೇಗೆ? ಗುರುಗಳು ಅದನ್ನು ವಿಚಾರಿಸಲಿಲ್ಲ; ಮೌನವಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಹೊಲದ ಬದುವನ್ನು ಒತ್ತುವವನನ್ನು ಲೋಕ ಕಳ್ಳನೆನ್ನುತ್ತದೆ. ಪರರ ವಾಕ್ಯವನ್ನು ತನ್ನದೆನ್ನುವವನನ್ನು ವಿದ್ವಾಂಸನೆಂದು ಮನ್ನಿಸುವುದೂ ಉಂಟು. ಅಚೌರ್ಯವ್ರತಕ್ಕೆ ಈ ಭೇದವಿಲ್ಲ. ಎರಡು ದಿನ ಕಳೆದ ಮೇಲೆ ಅವಳು ಗುರುಗಳ ಮುಂದೆ ಪುಸ್ತಕವನ್ನಿಟ್ಟು ನಡೆದುದನ್ನು ಹೇಳಿದಳು. "ಇನ್ನು ಬರೆಯಲು ತೊಡಗು," ಎಂದಷ್ಟೇ ಅವರು ನುಡಿದರು.

ಈ ಸಲ ಆರಂಭವಾದುದು ಪ್ರಶ್ನೆಯಿಂದ. ಪೃಥ್ವೀರಾಮನ ಒಡೆಯ ಕೃಷ್ಣರಾಜನೆಂದು ಶಾಸನ ಹೇಳುತ್ತದೆ. ಆದರೆ 875ರಲ್ಲಿ ರಾಷ್ಟ್ರಕೂಟ ಸಿಂಹಾಸನದಲ್ಲಿದ್ದವನು ಅಮೋಘವರ್ಷ ನೃಪತುಂಗ. ಅವನ ಮಗ ಇಮ್ಮಡಿ ಕೃಷ್ಣನು ಆಗಿನ್ನೂ ಪಟ್ಟವೇರಿರಲಿಲ್ಲ. ಹತ್ತನೆಯ ಶತಮಾನದ ಮುಮ್ಮಡಿ ಕೃಷ್ಣನೆಂದು ಗ್ರಹಿಸಿದರೆ ತಾತ ಮೊಮ್ಮಕ್ಕಳ ಲೆಕ್ಕ ಸರಿಹೋಗುತ್ತದೆ. ಆದರೆ ಶಕವರ್ಷ ತಪ್ಪೆನ್ನಬೇಕಾಗುತ್ತದೆ. ಎರಡು ಪಕ್ಷಗಳನ್ನೂ ಅವಳು ನ್ಯಾಯವಾಗಿ ಮಂಡಿಸಿದಳು. ಎರಡನೆಯದರತ್ತ ತನ್ನ ಒಲವೆಂದೂ, ಅದಕ್ಕೆ ಆಧಾರ ಇಷ್ಟೇ ಎಂದೂ ಬರೆದಳು. ಸ್ಯಾದ್ವಾದದ 'ಸ್ಯಾತ್' ಅಳುಕಿನ ಮಾತಲ್ಲ. ಹೇಳಿಕೆಗೆ ಅದರ ಎಲ್ಲೆಯನ್ನು ತೋರುವ ಮಾತು. ಪಡೆದುದೆಲ್ಲಕ್ಕೂ ಪಡೆದ ಕಡೆಯನ್ನು ಸೂಚಿಸಿದಳು.

ಹದಿನೈದು ಪುಟ ಒಂಬತ್ತಾಯಿತು. ಅವಧಿ ಮೀರಿದ್ದರಿಂದ ಅಂಕಗಳೂ ಕಡಿಮೆಯಾದವು. ಆದರೆ ಆ ಒಂಬತ್ತು ಪುಟಗಳಲ್ಲಿ ಯಾವ ವಾಕ್ಯದ ಕೆಳಗೆ ಯಾರು ಗೆರೆ ಎಳೆದರೂ ಅವಳು ಉತ್ತರಿಸಬಲ್ಲವಳಾಗಿದ್ದಳು.