ಜೋಡೆತ್ತಿನಂಥ ಜೋಡಿ ಮೋಟರ್

"ಮೂವತ್ತಾಯ್ತು, ಇನ್ನೂ ಆಟದ ವಿಮಾನ ಹಾರಿಸ್ತೀಯಾ?" ಅಂತ ಆಫೀಸಲ್ಲಿ ಕೇಳೋರು ಬಹಳ ಜನ. ಹೌದು, ಹಾರಿಸ್ತೀನಿ. ಬೆಂಗಳೂರಲ್ಲಿ ವಾರವಿಡೀ ಕೋಡ್ ಬರೆಯೋ ನನಗೆ, ಊರಿಗೆ ಹೋದಾಗ ಬ್ಯಾಗಿನಲ್ಲಿ ಬಟ್ಟೆಗಿಂತ ಮೊದಲು ಬ್ಯಾಟರಿ ಇರಬೇಕು.

ನನ್ನದು ಎರಡು ಮೋಟರಿನ ಫೋಮ್ ವಿಮಾನ. ರೆಕ್ಕೆ ಒಂದೂವರೆ ಮೀಟರಿಗೆ ಸ್ವಲ್ಪ ಕಡಿಮೆ, ತೂಕ ಸುಮಾರು 1.2 ಕೆ.ಜಿ. 11.1 ವೋಲ್ಟಿನ, 2200 ಎಂಎಎಚ್ ಲಿಪೊ ಬ್ಯಾಟರಿಯಲ್ಲಿ ಹೆಚ್ಚೆಂದರೆ ಎಂಟು-ಹತ್ತು ನಿಮಿಷದ ಹಾರಾಟ. ಎಡ, ಬಲದ ಪ್ರೊಪೆಲ್ಲರ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಹಾಗಾಗಿ ವಿಮಾನ ಒಂದು ಕಡೆಗೆ ವಾಲುವುದಿಲ್ಲ. ಬಲಗಡೆಯದನ್ನು ಸ್ವಲ್ಪ ಜೋರು ಮಾಡಿ, ಎಡಗಡೆಯದನ್ನು ನಿಧಾನ ಮಾಡಿದರೆ ಮೂತಿ ಎಡಕ್ಕೆ ತಿರುಗುತ್ತದೆ.

ನಮ್ಮ ಸೋದರಮಾವನ ಊರು ಚಳ್ಳಕೆರೆ ತಾಲ್ಲೂಕಿನಲ್ಲಿ. ಅಲ್ಲಿ ಮಾತ್ರ ನಾನು ಹಾರಿಸುವುದಿಲ್ಲ, ಯಾಕಂದ್ರೆ ಹತ್ತಿರದಲ್ಲೇ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ 2 ಕೆ.ಜಿ.ವರೆಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಪರವಾನಗಿ ಬೇಡ. ಆದರೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು ವಲಯವೇ ಅಂತ ನೋಡಲೇಬೇಕು, 400 ಅಡಿ ದಾಟಬಾರದು, ವಿಮಾನ ಕಣ್ಣಿಗೆ ಕಾಣುತ್ತಿರಬೇಕು. ಅದಕ್ಕೇ ಬೈಕಿನ ಹಿಂದೆ ಮಾವನನ್ನು ಕೂರಿಸಿಕೊಂಡು ಮೊಳಕಾಲ್ಮೂರು ಕಡೆ ದೊಡ್ಡಮ್ಮನ ಹೊಲಕ್ಕೆ ಹೋಗ್ತೀನಿ. ಶೇಂಗಾ ಕಿತ್ತ ಮೇಲೆ ಹೊಲ ಖಾಲಿ. ಬೆಳಿಗ್ಗೆ ಏಳರೊಳಗೆ ಗಾಳಿಯೂ ಕಡಿಮೆ.

ಹೋದ ಸಲ ವಿಮಾನ ಮೇಲಿದ್ದಾಗ ಮಾವ ಥಟ್ಟನೆ, "ಅಳಿಯ, ಸದ್ದು ಬದಲಾತು ನೋಡು, ಒಂದು ಎತ್ತು ಎಳೀತಿಲ್ಲ" ಅಂದರು. ನಿಜ, ಎಡಗಡೆ ಮೋಟರ್ ನಿಂತಿತ್ತು. ಬಲದ್ದು ಒಂದೇ ಎಳೆದರೆ ವಿಮಾನ ಎಡಕ್ಕೆ ಸುತ್ತಿ ಬೀಳುತ್ತದೆ. ಇಂಥ ಹೊತ್ತಲ್ಲಿ ಜೋರು ಮಾಡುವ ಆಸೆ ಬರುತ್ತೆ, ಮಾಡಬೇಕಾದ್ದು ಮಾತ್ರ ಉಲ್ಟಾ. ಎರಡನ್ನೂ ಪೂರ್ತಿ ಇಳಿಸಿ, ಮೂತಿ ಸ್ವಲ್ಪ ಕೆಳಗೆ ಮಾಡಿ, ತೇಲಿಸಿಕೊಂಡು ನೇರವಾಗಿ ಇಳಿಸಿದೆ. "ಒಂದು ಎತ್ತು ಮಲಗಿದ್ರೆ ಇನ್ನೊಂದಕ್ಕೆ ಬಾರುಕೋಲು ಬೀಸಬಾರದು, ನೇಗಿಲು ಓರೆ ಹೋಗ್ತೈತೆ" ಅಂತ ಮಾವ ನಕ್ಕರು. ಕಾಲೇಜಿನಲ್ಲಿ ಓದಿದ್ದು ಅಷ್ಟು ಚೆನ್ನಾಗಿ ಅರ್ಥವಾಗಿದ್ದು ಅವತ್ತೇ.

ಮಾವನಿಗೆ ಎರಡು ಎಂಜಿನ್ ಹೊಸದಲ್ಲ. 2016ರ ನವೆಂಬರಿನಲ್ಲಿ ತಪಸ್ ಡ್ರೋನ್ ಮೊದಲ ಬಾರಿ ಹಾರಿದ್ದು ಅವರ ತಾಲ್ಲೂಕಿನಲ್ಲೇ. ಅದಕ್ಕೂ ಎರಡೇ ಎಂಜಿನ್. ರೆಕ್ಕೆ ಮಾತ್ರ 20 ಮೀಟರಿಗೂ ಹೆಚ್ಚು. ಅದರ ವಿಷಯ ಹೇಳುವಾಗ ನನಗೆ ಹೆಮ್ಮೆ. ಮಾವ ಕೇಳಿಸಿಕೊಂಡು ಸುಮ್ಮನಾಗ್ತಾರೆ. ಕಾರಣ ನನಗೂ ಗೊತ್ತು. ಪರೀಕ್ಷಾ ವಲಯದ 4,290 ಎಕರೆ ಇರೋದು ಅಮೃತಮಹಲ್ ಕಾವಲಿನಲ್ಲಿ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು ಅದು. ಆಮೇಲೆ ಸುತ್ತಲಿನ ಊರುಗಳ ಕುರಿ, ದನಗಳೂ ಅಲ್ಲೇ ಮೇಯುತ್ತಿದ್ದವು. ಬೇರೆ ಸಂಸ್ಥೆಗಳೂ ಸೇರಿ ಹಂಚಿಕೆಯಾಗಿದ್ದು ಸುಮಾರು 10,000 ಎಕರೆ. ಬೇಲಿ ಬಂದ ಮೇಲೆ ಮಾವನ ನೂರಿಪ್ಪತ್ತು ಕುರಿ ಮೂವತ್ತಕ್ಕೆ ಇಳಿದವು.

"ದೇಶಕ್ಕೆ ಬೇಕು, ಇಲ್ಲ ಅನ್ನಲ್ಲ. ಆದ್ರೆ ನೀನು ಹತ್ತು ನಿಮಿಷದ ಆಟಕ್ಕೆ ನಕ್ಷೆ ನೋಡಿ ಜಾಗ ಹುಡುಕ್ತೀಯ. ನನ್ನ ಕುರಿಗೆ ಜಾಗ ಯಾವ ನಕ್ಷೆಲೈತೆ ತೋರಿಸು" ಅಂದರು ಒಮ್ಮೆ. ಫೋನ್ ಕೈಯಲ್ಲೇ ಇತ್ತು. ತೋರಿಸೋಕೆ ಏನೂ ಇರಲಿಲ್ಲ.

ತಂತ್ರಜ್ಞಾನ ಬೇಡ ಅಂತ ನಾನು ಹೇಳಲಾರೆ, ನನ್ನ ಅನ್ನ ಅದು. ಆದರೆ ಹುಲ್ಲುಗಾವಲನ್ನು ಕಾಗದದಲ್ಲಿ "ಖಾಲಿ ಜಾಗ" ಅಂತ ಬರೆಯೋದನ್ನು ಈಗ ಒಪ್ಪಲಾರೆ. ದೇಶದ ಗಾಡಿಗೂ ಜೋಡೆತ್ತೇ ಬೇಕಲ್ವಾ? ಒಂದನ್ನೇ ಜೋರು ಮಾಡಿದರೆ ಏನಾಗುತ್ತೆ ಅಂತ ಮಾವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಉಳಿದ ಮೂವತ್ತನ್ನೂ ಯುಗಾದಿಗೆ ಮುಂಚೆ ಮಾರೋಣ ಅಂತಿದ್ದಾನೆ ಅವರ ಮಗ. ಮಾವ ಇನ್ನೂ ಹೂಂ ಅಂದಿಲ್ಲ.