ಘಾರಾಪುರಿಯಲ್ಲಿ ಹೊಸ ಕ್ಯಾಮೆರಾ

ತುಟ್ಟಿಭತ್ಯೆಯ ಬಾಕಿ ಕೈಗೆ ಬಂದಾಗ ಕ್ಯಾನನ್ ೧೫೦೦ಡಿ ಕ್ಯಾಮೆರಾ ಕೊಂಡೆವು. ೨೦೧೮ರಲ್ಲಿ ಹೊರಬಂದ, ಹೊಸಬರಿಗೆಂದೇ ಮಾಡಿದ ಅಗ್ಗದ ಮಾದರಿಯದು. ಅದನ್ನು ಹೆಗಲಿಗೇರಿಸಿ, ಅಮ್ಮನೊಡನೆ ಮುಂಬಯಿಯ ಗೇಟ್‌ವೇಯಿಂದ ದೋಣಿ ಹತ್ತಿ ಘಾರಾಪುರಿಗೆ ಹೋದೆವು.

ಸುಮಾರು ೧೨೦ ಮೆಟ್ಟಿಲುಗಳನ್ನು ಕಂಡು ಅಮ್ಮ ಕೆಳಗೇ ಕುಳಿತರು. “ನೀವು ಹೋಗಿಬನ್ನಿ. ದೇವರನ್ನು ಅದರಲ್ಲಿ ತಂದುಕೊಡಿ” ಎಂದರು.

ಗುಹೆಯೊಳಗೆ ಮಬ್ಬು ಬೆಳಕು. ಎದುರಿಗೆ ಸುಮಾರು ೨೦ ಅಡಿ ಎತ್ತರದ ಸದಾಶಿವ. ಕಿಂಡಿಗೆ ಕಣ್ಣಿಟ್ಟರೆ ಲೆನ್ಸಿನಿಂದ ಬಂದ ಬೆಳಕನ್ನೇ ಕನ್ನಡಿ ತೋರಿಸುತ್ತದೆ. ಗುಂಡಿ ಒತ್ತಿದೊಡನೆ ಆ ಕನ್ನಡಿ ‘ಟಪ್’ ಎಂದು ಮೇಲೇಳುತ್ತದೆ. ಸದ್ದೇನೋ ಸೊಗಸು, ಚಿತ್ರದಲ್ಲಿ ಮಾತ್ರ ಮೂರು ಮುಖಗಳೂ ಕಲಸಿಹೋಗಿದ್ದವು! ಬೆಳಕು ಸಾಲದೆ ಷಟರ್ ಹೆಚ್ಚು ಹೊತ್ತು ತೆರೆದಿತ್ತು, ಕೈ ಅಲುಗಿತ್ತು. ಐಎಸ್‌ಒ ೩೨೦೦ಕ್ಕೆ ಏರಿಸಿ, ನೆಲದ ಮೇಲೆ ಕುಳಿತು, ಮೊಣಕೈಯನ್ನು ಮೊಣಕಾಲಿಗೂರಿ, ಉಸಿರು ಬಿಗಿಹಿಡಿದು ಮತ್ತೆ ಒತ್ತಿದೆವು. ನಡುವಣ ಮುಖದ ಶಾಂತಿ ಮೂಡಿತು. ಕೊಂಚ ಕಾಳುಕಾಳಾದರೂ ಮೂಡಿತು.

ಕೆಳಗಿಳಿದು ತೋರಿಸಿದಾಗ ಅಮ್ಮ ಮೂರಂಗುಲದ ಪರದೆಗೆ ಕೈಮುಗಿದರು. ಆಮೇಲೆ, “ಹತ್ತಿಹೋದ ನೀವೊಬ್ಬರೂ ಇದರಲ್ಲಿಲ್ಲವಲ್ಲ!” ಎಂದರು.

ಅಲ್ಲೇ ಅವರನ್ನು ನಡುವೆ ಕೂರಿಸಿಕೊಂಡು, ದೋಣಿಯವನ ಕೈಗೆ ಕ್ಯಾಮೆರಾ ಕೊಟ್ಟೆವು. ಅಂದಿನ ಚಿತ್ರಗಳಲ್ಲಿ ನಾವು ಚೌಕಟ್ಟು ಹಾಕಿಸಿದ್ದು ಅದೊಂದಕ್ಕೇ.