ಮೂವತ್ತಾರು ತಿರುವುಗಳು

ಚಿಕಾಗೋ ಸುತ್ತಮುತ್ತ ವಾಸಿಸುವ ನಮಗೆಲ್ಲ ಒಂದು ಕೊರತೆ ಇದೆ. ಹುರುಳಿಕಾಳಿನಿಂದ ಹಿಡಿದು ನುಗ್ಗೆಸೊಪ್ಪಿನವರೆಗೆ ಎಲ್ಲವೂ ಸಿಗುತ್ತದೆ, ಆರೋರಾದಲ್ಲಿ ಬಾಲಾಜಿ, ಲೆಮಾಂಟಿನಲ್ಲಿ ರಾಮ ಇದ್ದಾರೆ, ನಮ್ಮ ವಿದ್ಯಾರಣ್ಯ ಕನ್ನಡ ಕೂಟವಿದೆ. ಬೆಟ್ಟ ಮಾತ್ರ ಇಲ್ಲ! ಇಡೀ ಇಲಿನಾಯ್ ರಾಜ್ಯದಲ್ಲಿ ಅತಿ ಎತ್ತರದ ನೆಲ ವಿಸ್ಕಾನ್ಸಿನ್ ಗಡಿಯಲ್ಲಿರುವ ಚಾರ್ಲ್ಸ್ ಮೌಂಡ್. ಅದು 376 ಮೀಟರ್. ಮೈಸೂರಿನ ಕೆ.ಆರ್. ಸರ್ಕಲ್ಲಿನಲ್ಲಿ ಸುಮ್ಮನೆ ನಿಂತವನೇ ಅದರ ಸುಮಾರು ಎರಡರಷ್ಟು ಎತ್ತರದಲ್ಲಿರುತ್ತಾನೆ. ಚಾಮುಂಡಿ ಬೆಟ್ಟದ ಮಾತು ಹಾಗಿರಲಿ.

ಇಂಥ ಸಪಾಟು ನಾಡಿನಲ್ಲಿ ಕೂತು, ಐವತ್ತು ದಾಟಿದ ಇಬ್ಬರು ವೈದ್ಯರು ಸೈಕಲ್ಲಿನಲ್ಲಿ ನೀಲಗಿರಿ ಹತ್ತುವ ಯೋಜನೆ ಹಾಕಿದೆವು ಎಂದರೆ ನೀವು ನಗುತ್ತೀರಿ. ನಮ್ಮ ಮನೆಯಲ್ಲೂ ನಕ್ಕರು.

ಇಬ್ಬರು ಎಂದೆ. ಒಬ್ಬ ನಾನು. ಇನ್ನೊಬ್ಬ ಡೆಟ್ರಾಯ್ಟಿನ ಹತ್ತಿರ ಇರುವ ನನ್ನ ಸಹಪಾಠಿ, ವೃತ್ತಿಯಿಂದ ಅರಿವಳಿಕೆ ತಜ್ಞ, ಪಂಪ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಕಾಫಿ ಹಂಚುವುದರಲ್ಲಿ ಎತ್ತಿದ ಕೈ. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಓದುವಾಗ ನಮ್ಮಿಬ್ಬರಿಗೂ ಸೇರಿ ಒಂದೇ ಅಟ್ಲಾಸ್ ಸೈಕಲ್ ಇತ್ತು. ಡೈನಮೋ ಕೆಟ್ಟಿತ್ತು, ಡಬಲ್ ರೈಡಿಂಗ್ ಬೇರೆ. ರಾತ್ರಿ ಚೆಲುವಾಂಬ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವಾಗ ಪೊಲೀಸ್ ಕಂಡರೆ ಹಿಂದೆ ಕೂತವನು ಧುಮುಕಿ ನಡೆಯಬೇಕು ಎಂಬ ಒಪ್ಪಂದ. ಯಾವಾಗಲೂ ಹಿಂದೆ ಕೂರುತ್ತಿದ್ದವನು ಅವನೇ. ಎಂ.ಡಿ. ಮುಗಿಸಿ ನಾನು ಚಿಕಾಗೋ ಸೇರಿದೆ, ಅವನು ಡೆಟ್ರಾಯ್ಟ್. ಐ-94ರಲ್ಲಿ ನಾಲ್ಕೂವರೆ ಗಂಟೆಯ ದಾರಿ, ಗಡಿಯಾರದಲ್ಲಿ ಒಂದು ಗಂಟೆಯ ವ್ಯತ್ಯಾಸ.

2021ರ ನವೆಂಬರ್‌ನಲ್ಲಿ ಒಂದು ಬೆಳಗ್ಗೆ ಆಪರೇಷನ್ ಥಿಯೇಟರಿಗೆ ಹೊರಟಿದ್ದವನಿಗೆ ಎದೆ ಬಿಗಿಯಿತು. ಇನ್ನೊಬ್ಬರನ್ನು ಮಲಗಿಸಬೇಕಾದವನು ತಾನೇ ಮಲಗಿದ. ಒಂದು ಸ್ಟೆಂಟ್ ಬಿತ್ತು. ಅವನು ಸಿಗರೇಟು ಸೇದಿದವನಲ್ಲ, ದಪ್ಪಗಿಲ್ಲ, ಊಟದಲ್ಲಿ ಸಂಕೋಚ ಜಾಸ್ತಿಯೇ. ಆದರೆ ನಮ್ಮವರ ವಿಷಯದಲ್ಲಿ ಇದೇನೂ ಭರವಸೆಯಲ್ಲ. ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರ ಹೃದಯವನ್ನು ಪರೀಕ್ಷಿಸಲೆಂದೇ ನಮ್ಮ ಚಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ ಒಂದು ಅಧ್ಯಯನ ನಡೆಸುತ್ತಿವೆ. 2010ರಿಂದ 2013ರ ನಡುವೆ 906 ಜನರನ್ನು ಸೇರಿಸಿಕೊಂಡು ಶುರುವಾದ ಅದರ ಹೆಸರೇ ‘ಮಸಾಲ’! (ಹೆಸರಿಟ್ಟವರಿಗೆ ನಮ್ಮ ಅಡುಗೆಮನೆ ಚೆನ್ನಾಗಿ ಗೊತ್ತಿರಬೇಕು.) ತೂಕ ಸರಿಯಾಗಿರುವವರಲ್ಲೂ ಸಕ್ಕರೆ, ಕೊಬ್ಬಿನ ಏರುಪೇರು ಇತರ ಜನರಿಗಿಂತ ನಮ್ಮವರಲ್ಲಿ ಹೆಚ್ಚು ಎಂದು ಅದು ತೋರಿಸಿದೆ. ಕನ್ನಡಿಯಲ್ಲಿ ಹೊಟ್ಟೆ ಕಾಣದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುವ ಹಾಗಿಲ್ಲ.

ಸ್ಟೆಂಟ್ ಆದಮೇಲೆ ಅವನು ಮಾಡಿದ ಜಾಣತನದ ಕೆಲಸವೆಂದರೆ ಕಾರ್ಡಿಯಾಕ್ ರಿಹ್ಯಾಬ್ ಪೂರ್ತಿ ಮುಗಿಸಿದ್ದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅರ್ಹರಾದವರಲ್ಲಿ ಬಹುಪಾಲು ಜನ ಅದಕ್ಕೆ ಹೋಗುವುದೇ ಇಲ್ಲ. ವಾರಕ್ಕೆ ಮೂರು ದಿನ, ಹನ್ನೆರಡು ವಾರ, ಒಟ್ಟು 36 ಸಲ. ಎದೆಗೆ ತಂತಿ ಅಂಟಿಸಿ, ನರ್ಸ್ ಮುಂದೆ ನಿಂತು, ಸೈಕಲ್ಲೋ ಟ್ರೆಡ್‌ಮಿಲ್ಲೋ ತುಳಿಸುತ್ತಾರೆ. ಹೃದಯಕ್ಕೆ ಎಷ್ಟು ಕೆಲಸ ಕೊಡಬಹುದು ಎಂಬ ಅಂದಾಜು ರೋಗಿಗೂ ಸಿಗುತ್ತದೆ, ಮನೆಯವರ ಭಯವೂ ಕಡಿಮೆಯಾಗುತ್ತದೆ. ಕೊನೆಯ ದಿನ ಅವನು ನನಗೆ ಫೋನ್ ಮಾಡಿ, “ಲೋ, ಮೂವತ್ತಾರು ಆಯ್ತು ಕಣೋ. ಕಲ್ಹಟ್ಟಿಯಲ್ಲೂ ಮೂವತ್ತಾರೇ ಇರೋದು” ಎಂದ.

ಕಲ್ಹಟ್ಟಿ ಎಂದರೆ ಮಸಿನಗುಡಿಯಿಂದ ಊಟಿಗೆ ಹತ್ತುವ ಘಾಟಿ. ಅದರಲ್ಲಿ ಹೇರ್‌ಪಿನ್ ತಿರುವುಗಳು 36. ಸುಮಾರು 30 ಕಿಲೋಮೀಟರ್ ದಾರಿಯಲ್ಲಿ ಸಾವಿರದ ಇನ್ನೂರು ಮೀಟರಿನಷ್ಟು ಮೇಲೇರಬೇಕು, ಅದರಲ್ಲಿ ಹೆಚ್ಚಿನ ಪಾಲು ಮಧ್ಯದ ಹತ್ತು ಹನ್ನೆರಡು ಕಿಲೋಮೀಟರಿನಲ್ಲೇ. 2008ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸೈಕಲ್ ಪ್ರಿಯರು ಶುರುಮಾಡಿದ ‘ಟೂರ್ ಆಫ್ ನೀಲಗಿರೀಸ್’ ಈ ಘಾಟಿಯನ್ನು ಸೈಕಲ್ ಲೋಕದಲ್ಲಿ ಹೆಸರುವಾಸಿ ಮಾಡಿತು. ಕರ್ನಾಟಕ, ಕೇರಳ, ತಮಿಳುನಾಡು ಮೂರನ್ನೂ ಸುತ್ತುವ ಆ ಪ್ರವಾಸದ ವೇಗ ನಮಗೆ ಆಗಿಬರುವಂಥದ್ದಲ್ಲ. ಹತ್ತು ಜನರ ಚಿಕ್ಕ ಗುಂಪೊಂದನ್ನು ಹಿಡಿದೆವು: ಒಬ್ಬ ಗೈಡ್, ಒಬ್ಬ ಮೆಕ್ಯಾನಿಕ್, ಹಿಂದೆ ಬರಲು ಒಂದು ವ್ಯಾನ್, ಬಾಡಿಗೆಗೆ ಗೇರ್ ಸೈಕಲ್.

ಆಗ ಬಂತು ಅವನ ಹೆಂಡತಿಯ ಫೋನು. ಆಕೆ ನನ್ನನ್ನು ಅಣ್ಣ ಎಂದೇ ಕರೆಯುವುದು. “ಅಣ್ಣ, ಕಾರ್ಡಿಯಾಲಜಿಸ್ಟ್ ಸ್ಟ್ರೆಸ್ ಟೆಸ್ಟ್ ಮಾಡಿ ಹೋಗಬಹುದು ಅಂದಿದ್ದಾರೆ. ಅದು ನನಗೆ ಗೊತ್ತು. ನೀವು ಡಾಕ್ಟರಾಗಿ ಹೇಳಬೇಡಿ. ಅಣ್ಣನಾಗಿ ಹೇಳಿ, ಕಳಿಸಲಾ?”

ಮೂವತ್ತು ವರ್ಷದ ವೃತ್ತಿಯಲ್ಲಿ ಇಷ್ಟು ಕಷ್ಟದ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಕಳಿಸಮ್ಮ, ಆದರೆ ಒಂದು ಷರತ್ತು ಎಂದೆ. ಅವನು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಾನೆ. ಆ ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ, ಹಾಗಾಗಿ ಕೈಗಡಿಯಾರ ತೋರಿಸುವ ನಾಡಿಯ ಸಂಖ್ಯೆಯನ್ನು ನಂಬುವಂತಿಲ್ಲ. ಹಳೆಯ ಸುಲಭ ಉಪಾಯವೆಂದರೆ ಮಾತು. ಹತ್ತುವಾಗ ಒಂದು ವಾಕ್ಯ ಪೂರ್ತಿ ಹೇಳಲು ಆಗಬೇಕು. ವಾಕ್ಯ ತುಂಡಾದರೆ ಇಳಿಯಬೇಕು, ಚರ್ಚೆ ಇಲ್ಲ. ಇಳಿ ಎಂದು ಹೇಳುವ ಅಧಿಕಾರ ನನ್ನದು. ಅವನು ಒಪ್ಪಿದ. ಆಕೆ ಅವನಿಂದ ಬರೆಸಿಕೊಂಡಳು!

ಒಂದು ವರ್ಷ ತಯಾರಿ. ಅವನು ಹೈನ್ಸ್ ಡ್ರೈವಿನಲ್ಲಿ ತುಳಿದ. ಬೇಸಿಗೆಯ ಶನಿವಾರ ಅದರ ಒಂದು ಭಾಗವನ್ನು ಕಾರುಗಳಿಗೆ ಮುಚ್ಚುತ್ತಾರೆ. ನಾನು ಹಳೆಯ ರೈಲು ಹಳಿಯ ಜಾಗದಲ್ಲಿ ಮಾಡಿರುವ ಪ್ರೇರೀ ಪಾಥ್‌ನಲ್ಲಿ ಮೈಲಿಗಟ್ಟಲೆ ಹೋದೆ, ಒಂದು ದಿಬ್ಬವೂ ಸಿಗಲಿಲ್ಲ. ಚಿಕಾಗೋದ ಸೈಕಲ್ ಜನ ಏರು ಬೇಕೆಂದರೆ ಲೆಮಾಂಟಿಗೇ ಬರುತ್ತಾರೆ ಎಂದು ತಿಳಿದು ನಾನೂ ಅಲ್ಲಿಗೇ ಹೋದೆ. ಹೆಲ್ಮೆಟ್ ಹಾಕಿಕೊಂಡು ದೇವಸ್ಥಾನದ ಏರು ಹತ್ತಿ, ಒಳಗೆ ಹೋಗದೆ ಇಳಿದು, ಮತ್ತೆ ಹತ್ತುವ ನನ್ನನ್ನು ಪರಿಚಯದವರೊಬ್ಬರು ನೋಡಿ “ಏನು ಡಾಕ್ಟ್ರೇ, ಹರಕೆಯಾ?” ಎಂದು ವಿಚಾರಿಸಿದರು.

2023ರ ಡಿಸೆಂಬರ್. ಮೈಸೂರಿನಿಂದ ಬೆಳಗಿನ ಚಳಿಯಲ್ಲಿ ಹೊರಟು ನಂಜನಗೂಡಿನಲ್ಲಿ ಕಪಿಲೆ ದಾಟಿದೆವು. ಗುಂಡ್ಲುಪೇಟೆಯ ಕಡೆಯ ಹಳ್ಳಿ ರಸ್ತೆಯಲ್ಲಿ ಹುರುಳಿ ಸೊಪ್ಪನ್ನು ಟಾರಿನ ಮೇಲೆ ಹರಡಿದ್ದರು. ಬಸ್ಸು, ಲಾರಿ ಹಾಯ್ದು ಒಕ್ಕಣೆಯಾಗಬೇಕು. ಕಾರಿನಲ್ಲಿ ಹೋಗುವಾಗ ಇದು ನೋಡಲು ಚೆಂದ. ಸೈಕಲ್ಲಿಗೆ ಸುತ್ತಿಕೊಂಡರೆ ಗೊತ್ತಾಗುತ್ತದೆ. ಬಳ್ಳಿ ಚೈನಿಗೂ ಗೇರಿಗೂ ಹೆಣೆದುಕೊಂಡು ನಾಲ್ಕು ಸೈಕಲ್ ಒಟ್ಟಿಗೆ ನಿಂತವು. ಮೆಕ್ಯಾನಿಕ್ ಹುಡುಗ ಇಕ್ಕಳ ಹಿಡಿದು ಕೂತ. ಅಲ್ಲಿ ಕಾವಲಿದ್ದ ಅಜ್ಜ ಬಂದು ನೋಡಿ, “ಸೈಕಲ್ಲು ತುಳುದ್ರೆ ಕಾಳು ಉದುರಕಿಲ್ಲ ಸ್ವಾಮಿ, ಲಾರಿ ಬರ್ಲಿ ಬುಡಿ” ಎಂದ. ಯಾವೂರು ಎಂದು ಕೇಳಿದ. ಅಮೆರಿಕ ಎಂದೆವು. ಬಾಡಿಗೆ ಕೊಟ್ಟು ಸೈಕಲ್ ತುಳಿಯುತ್ತಿದ್ದೇವೆ, ಹಿಂದೆ ಬರುವ ಖಾಲಿ ವ್ಯಾನೂ ನಮ್ಮದೇ ಎಂದು ಗೈಡ್ ವಿವರಿಸಿದ. ಅಜ್ಜ ವ್ಯಾನನ್ನೂ ನಮ್ಮ ಚಡ್ಡಿಗಳನ್ನೂ ಬಹಳ ಹೊತ್ತು ನೋಡಿದ. ಇನ್ನೇನೂ ಕೇಳಲಿಲ್ಲ.

ಬಂಡೀಪುರದ ಕಾಡಿನ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಹಗಲಿನಲ್ಲೂ ಆನೆ ಅಡ್ಡ ಬರಬಹುದಾದ ಜಾಗ. ನಮ್ಮ ಗೈಡ್ ಅಲ್ಲಿ ಯಾರ ಮಾತಿಗೂ ಜಗ್ಗದೆ ಸೈಕಲ್ಲುಗಳನ್ನು ವ್ಯಾನಿನ ಮೇಲೆ ಕಟ್ಟಿ, ನಮ್ಮನ್ನು ಒಳಗೆ ತುಂಬಿ ಮಸಿನಗುಡಿಗೆ ತಂದು ಇಳಿಸಿದ. ಒಳ್ಳೆಯ ಗೈಡ್ ಎಂದು ನನಗೆ ಅಲ್ಲೇ ಖಾತ್ರಿಯಾಯಿತು.

ಮರುದಿನ ಬೆಳಗ್ಗೆ ಘಾಟಿ. ತಿರುವುಗಳನ್ನು ನಾವು ಕೆಳಗಿನಿಂದ ಎಣಿಸುತ್ತಾ ಹೋದೆವು. ಗುಂಪಿನ ಹುಡುಗರು ಮೂರನೇ ತಿರುವಿಗೇ ಕಣ್ಮರೆಯಾದರು. ನಾವಿಬ್ಬರು ಅತಿ ಚಿಕ್ಕ ಗೇರಿನಲ್ಲಿ, ನಡೆಯುವ ವೇಗದಲ್ಲಿ. ಒಪ್ಪಂದದ ಪ್ರಕಾರ ಅವನು ಮಾತಾಡುತ್ತಲೇ ಇರಬೇಕು. ಏನು ಮಾತಾಡುವುದು? ಅಮೆರಿಕದ ರಾಜಕೀಯ ಎರಡು ತಿರುವಿಗೆ ಮುಗಿಯಿತು, ಮಕ್ಕಳ ಮದುವೆ ಇನ್ನೆರಡಕ್ಕೆ. ಎಂಟನೇ ತಿರುವಿನಲ್ಲಿ ಅವನಿಗೆ ಉಪಾಯ ಹೊಳೆಯಿತು: ನಮ್ಮ ಬ್ಯಾಚಿನ ಹಾಜರಿ ಪುಸ್ತಕ. ಅನಾಟಮಿ ಪ್ರೊಫೆಸರರು ಕೂಗುತ್ತಿದ್ದ ಧಾಟಿಯಲ್ಲೇ ರೋಲ್ ನಂಬರ್ ಒಂದರಿಂದ ಶುರುಮಾಡಿದ. ನಂಬರ್, ಊರು, ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಯಾರಿಗೆ ಯಾರ ಮೇಲೆ ಮನಸ್ಸಿತ್ತು, ಎಲ್ಲ ಸೇರಿಸಿ ಒಂದೊಂದು ಪೂರ್ಣ ವಾಕ್ಯ. ಎಷ್ಟು ನೆನಪಿಟ್ಟಿದ್ದ ಆ ಪುಣ್ಯಾತ್ಮ!

ಹದಿನೇಳನೇ ತಿರುವಿನ ಹತ್ತಿರ, “ರೋಲ್ ನಂಬರ್ ನಲವತ್ತೊಂದು” ಎಂದು ನಿಲ್ಲಿಸಿದ. ನಲವತ್ತೊಂದು ನಮ್ಮ ಹಾಸ್ಟೆಲ್ ಕೋಣೆಯ ಮೂರನೆಯವನು. ಊರಲ್ಲೇ ಉಳಿದು ತಾಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡಿದ, ನಲವತ್ತೊಂಬತ್ತಕ್ಕೆ ರಾತ್ರಿ ಮಲಗಿದವನು ಏಳಲಿಲ್ಲ. ಕಾಲೇಜಿನಲ್ಲಿ ಬೆಳಗಿನ ಕ್ಲಾಸಿಗೆ ಅವನು ಬರುತ್ತಲೇ ಇರಲಿಲ್ಲ. ಅವನ ಪ್ರಾಕ್ಸಿ ಹಾಕುವ ಕೆಲಸ ನನ್ನದಾಗಿತ್ತು.

“ನಲವತ್ತೊಂದು” ಎಂದು ಇನ್ನೊಮ್ಮೆ ಕೂಗಿದ.

“ಎಸ್ ಸರ್” ಎಂದೆ, ಗಂಟಲು ಬದಲಿಸಿ, ಹಳೆಯ ಹಾಗೆಯೇ.

ಅವನು ಮುಂದಿನ ನಂಬರಿಗೆ ಹೋದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಏರಿನಲ್ಲಿ ಹೇಗೂ ಮುಂದಿನ ಚಕ್ರವನ್ನೇ ನೋಡಬೇಕು.

ಇಪ್ಪತ್ತೆಂಟನೇ ತಿರುವಿನಲ್ಲಿ ಮಾತು ತುಂಡಾಯಿತು. ನಂಬರ್ ಹೇಳಿದ, ಊರಿನ ಹೆಸರು ಅರ್ಧಕ್ಕೆ ನಿಂತಿತು. ಉಸಿರು ಎಳೆದು ಮತ್ತೆ ಪ್ರಯತ್ನಿಸಿದ, ಮತ್ತೆ ಅರ್ಧ. ಇಳಿ ಎಂದೆ. ಕೇಳದವನಂತೆ ಇನ್ನೂ ನಾಲ್ಕು ಸುತ್ತು ತುಳಿದ. “ಲೋ, ಇಳಿಯೋ!” ಎಂದು ಕಿರುಚಿದೆ. ಮೋಟುಗೋಡೆಯ ಮೇಲೆ ಕೂರಿಸಿ ನಾಡಿ ಹಿಡಿದೆ. ಎದೆನೋವಿಲ್ಲ, ದವಡೆಗೆ ತೋಳಿಗೆ ಹರಿಯುವ ನೋವಿಲ್ಲ, ತಣ್ಣನೆಯ ಬೆವರಿಲ್ಲ. ಬಡಿತ ಕ್ರಮವಾಗಿತ್ತು. ಎರಡು ನಿಮಿಷಕ್ಕೆ ಉಸಿರು ಸರಿಹೋಗಿ, ಬೈಯ್ಯಲು ಶುರುಮಾಡಿದ. ಬರೀ ಕಾಲು ಸೋತಿದೆ, ಇನ್ನು ಎಂಟೇ ಎಂಟು, ಇಷ್ಟು ದೂರ ಬಂದು ವ್ಯಾನು ಹತ್ತಬೇಕಾ, ನೀನು ಯಾವ ಸೀಮೆ ಸ್ನೇಹಿತ. ಎಲ್ಲವೂ ಪೂರ್ಣ ವಾಕ್ಯಗಳೇ!

ಕಾಲೇ ಇರಬಹುದು. ಬಹುಶಃ ಕಾಲೇ. ಆದರೆ ಆಸ್ಪತ್ರೆ ಘಾಟಿಯ ಆ ತುದಿಗೆ ಇದೆ, ಮತ್ತು ‘ಬಹುಶಃ’ ಎಂಬ ಮಾತನ್ನು ಡೆಟ್ರಾಯ್ಟಿಗೆ ಫೋನ್ ಮಾಡಿ ಆಕೆಗೆ ಹೇಳುವವನು ನಾನು. ವ್ಯಾನಿನ ಬಾಗಿಲು ತೆಗೆಸಿದೆ. ಅವನು ಹತ್ತಿ ಕೂತು, ಬಹಳ ಹೊತ್ತು ಎದುರಿನ ಕಣಿವೆಯ ಕಡೆಗೇ ನೋಡುತ್ತಿದ್ದು, ಕೊನೆಗೆ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಉಳಿದ ಎಂಟಕ್ಕೆ ಪ್ರಾಕ್ಸಿ ನೀನು ಹಾಕು.”

ಹಾಕಿದೆ. ಪ್ರತಿ ತಿರುವಿನಲ್ಲೂ ವ್ಯಾನು ನನ್ನ ಪಕ್ಕಕ್ಕೆ ಬರುತ್ತಿತ್ತು, ಅವನು ಒಳಗಿನಿಂದ ನಂಬರ್ ಕೂಗುತ್ತಿದ್ದ, ನಾನು ಎಸ್ ಸರ್ ಎನ್ನಬೇಕು. ಮೂವತ್ತೈದಕ್ಕೆ ನನ್ನಿಂದ ಬರೀ ‘ಎಸ್’ ಹೊರಟಿತು. “ವಾಕ್ಯ ತುಂಡಾಯ್ತು, ಇಳಿ!” ಎಂದು ವ್ಯಾನಿನೊಳಗಿಂದ ಕಿರುಚಿದ. ಕೇಳಿಸಲಿಲ್ಲ ಎಂದೆ.

ಗೂಡಲೂರು ರಸ್ತೆ ಬಂದು ಸೇರುವ ತಲೈಕುಂದದ ಬಳಿ ಒಂದು ಟೀ ಅಂಗಡಿ. ಬಿಳಿ ಬಟ್ಟೆ ಹೊದ್ದ ವಯಸ್ಸಾದ ಬಡಗ ಹೆಂಗಸು ಅಲ್ಲಿ ಕೂತಿದ್ದರು. ನಾವು ಕನ್ನಡದಲ್ಲಿ ಕಿತ್ತಾಡುತ್ತಾ ಬಂದದ್ದನ್ನು ಕೇಳಿ ಮಾತಿಗೆ ಎಳೆದರು. ಬಡಗರು ಎಂದರೆ ಬಡಗಣದವರು, ಹಿಂದೊಮ್ಮೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು. ಸುತ್ತ ತಮಿಳು ಇದ್ದರೂ ಅವರ ಊರು ಹಟ್ಟಿ, ಹಾಲು ಹಾಲೇ, ನೀಲಗಿರಿಯ ತುತ್ತತುದಿ ದೊಡ್ಡಬೆಟ್ಟ. ಅವರು ಬಡಗು ನುಡಿಯಲ್ಲಿ, ನಾವು ಮೈಸೂರು ಕನ್ನಡದಲ್ಲಿ, ಅರ್ಧಕ್ಕರ್ಧ ಅರ್ಥವಾಗುತ್ತಿತ್ತು. ಊರು ಬಿಟ್ಟು ಎಷ್ಟು ತಲೆಮಾರು ಕಳೆದರೂ ‘ಹ’ಕಾರ ಬಿಡದ ಆ ಮಾತನ್ನು ಕೇಳುತ್ತಾ ನನಗೆ ನೇಪರ್‌ವಿಲ್ಲಿನ ನಮ್ಮ ಕನ್ನಡ ಶಾಲೆಯ ಮಕ್ಕಳು ನೆನಪಾದರು. ಅವರು ಹತ್ತಿ ಬಂದದ್ದು ಒಂದೇ ಬೆಟ್ಟ, ನಾವು ದಾಟಿದ್ದು ಎರಡು ಸಾಗರ. ನಮ್ಮ ಮೂರನೇ ತಲೆಮಾರಿಗೆ ‘ಹಾಲು’ ಉಳಿದರೆ ದೊಡ್ಡದು. ನನ್ನ ಮಿತ್ರನಿಗೆ ಇಂಥ ಚಿಂತೆಯಿಲ್ಲ. ಅವನು ಆಕೆಗೆ ಘಾಟಿಯನ್ನು ತಾನು ಪೂರ್ತಿ ಸೈಕಲ್ಲಿನಲ್ಲೇ ಹತ್ತಿದೆ ಎಂದು ಕೈಸನ್ನೆ ಮಾಡಿ ತಿಳಿಸುತ್ತಿದ್ದ.

ವಾಪಸ್ಸು ಬಂದಮೇಲೆ ಅವನ ಕಾರ್ಡಿಯಾಲಜಿಸ್ಟ್ ಮತ್ತೆ ಪರೀಕ್ಷೆ ಮಾಡಿದರು. ಸ್ಟೆಂಟ್ ಸರಿಯಾಗಿಯೇ ಇದೆ. ಕಾಲೇ ಇತ್ತೆಂದು ಈಗಲೂ ವಾದಿಸುತ್ತಾನೆ.

ಈಗ ಅವನ ತಲೆಗೆ ಚೀನಾದ ಯುನ್ನಾನ್ ಪ್ರಾಂತ್ಯ ಹೊಕ್ಕಿದೆ. ದಾಲಿಯಿಂದ ಅರ್ಹಾಯ್ ಸರೋವರದ ದಂಡೆ ಹಿಡಿದು ಲಿಜಿಯಾಂಗ್, ಅಲ್ಲಿಂದ 2001ರಲ್ಲಿ ಶಾಂಗ್ರಿ-ಲಾ ಎಂದು ಹೊಸ ಹೆಸರು ಇಟ್ಟುಕೊಂಡ ಊರಿನವರೆಗೆ, ಗೈಡ್, ವ್ಯಾನು ಎಲ್ಲ ಸಮೇತ. ಶಾಂಗ್ರಿ-ಲಾ ಮೂರು ಸಾವಿರದ ಇನ್ನೂರು ಮೀಟರ್ ಎತ್ತರದಲ್ಲಿದೆ, ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಷಿಕಾಗೋದಲ್ಲಿ ಸಿಗುವುದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಲಿಜಿಯಾಂಗಿಗೇ ನಿಲ್ಲಿಸೋಣ ಎಂದು ನಾನು ಪಟ್ಟು ಹಿಡಿದಿದ್ದೇನೆ. ಕಳೆದ ತಿಂಗಳು ಅವನ ಹೆಂಡತಿಯಿಂದ ಮತ್ತೆ ಫೋನು. ಈ ಸಲ ಕಳಿಸಲಾ ಎಂದು ಕೇಳಲಿಲ್ಲ.

“ಅಣ್ಣ, ನಾನೂ ಸೈಕಲ್ ತಗೊಂಡೆ. ಹೈನ್ಸ್ ಡ್ರೈವಿನಲ್ಲಿ ದಿನಾ ಹೋಗ್ತಿದ್ದೀನಿ. ನೀವಿಬ್ಬರೇ ಹೋದರೆ ಒಬ್ಬರಿಗೊಬ್ಬರು ಪ್ರಾಕ್ಸಿ ಹಾಕಿಕೊಂಡು ನನಗೆ ಸುಳ್ಳು ಲೆಕ್ಕ ಕೊಡ್ತೀರಿ.”